ಎಂ.ಎ. ಇಂಗ್ಲಿಷೋ, ಅನ್ವಯಿಕ ಭಾಷಾವಿಜ್ಞಾನವೋ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಪದವೀಧರರಿಗಾಗಿ ಒಂದು ಹೋಲಿಕೆ

ಬಿ.ಎ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ವಾರ ನಮ್ಮ ಸ್ಟಾಫ್ ರೂಮಿಗೆ ಬರುವ ಹುಡುಗ ಹುಡುಗಿಯರ ಪ್ರಶ್ನೆ ಬಹಳ ವರ್ಷ ಒಂದೇ ಆಗಿತ್ತು: "ಸರ್, ಇಂಗ್ಲಿಷ್ ಎಂ.ಎ. ಧಾರವಾಡದಾಗ ಮಾಡ್ಲೋ, ಬೆಳಗಾವ್ಯಾಗ ಮಾಡ್ಲೋ?" ಈಚೆಗೆ ಅದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ. ಮೊಬೈಲಿನಲ್ಲಿ ಏನನ್ನೋ ಓದಿಕೊಂಡು ಬಂದು, "ಸಾಹಿತ್ಯ ಬ್ಯಾಡ ಸರ್, ಅಪ್ಲೈಡ್ ಲಿಂಗ್ವಿಸ್ಟಿಕ್ಸ್ ಅಂತ ಒಂದೈತಲ್ಲ, ಅದಕ್ಕ ಕೆಲಸ ಜಾಸ್ತಿ ಅಂತ" ಎನ್ನುತ್ತಾರೆ. ವಿಜಯಪುರದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿರುವ ನಾನು ಸಾಹಿತ್ಯದ ಎಂ.ಎ. ಮುಗಿಸಿ, ಕೆಲಸಕ್ಕೆ ಸೇರಿದ ಮೇಲೆ ಇಂಗ್ಲಿಷ್ ಬೋಧನೆಯ ಸ್ನಾತಕೋತ್ತರ ಡಿಪ್ಲೊಮಾ ಮಾಡಿದವನಾದ್ದರಿಂದ, ಎರಡೂ ದಡಗಳ ನೀರನ್ನು ಸ್ವಲ್ಪ ಸ್ವಲ್ಪ ಕುಡಿದಿದ್ದೇನೆ. ಸ್ಟಾಫ್ ರೂಮಿನಲ್ಲಿ ನಿಂತ ನಿಲುವಿನಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಇವೆರಡರ ಸ್ವರೂಪ ತಿಳಿಯಬೇಕು. ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಎಂ.ಎ. ಇಂಗ್ಲಿಷ್ ಎಂದರೆ ಮುಖ್ಯವಾಗಿ ಸಾಹಿತ್ಯ. ಬ್ರಿಟಿಷ್ ಸಾಹಿತ್ಯದ ಯುಗಗಳು, ಅಮೆರಿಕನ್ ಸಾಹಿತ್ಯ, ಭಾರತೀಯ ಇಂಗ್ಲಿಷ್ ಬರವಣಿಗೆ, ಅನುವಾದದಲ್ಲಿ ಭಾರತೀಯ ಸಾಹಿತ್ಯ, ವಿಮರ್ಶೆ ಮತ್ತು ಸಿದ್ಧಾಂತ ಇವೆಲ್ಲ ಇದ್ದು, ಇವುಗಳ ನಡುವೆ ಭಾಷೆಗೆ ಅಥವಾ ಭಾಷಾ ಬೋಧನೆಗೆ ಸಂಬಂಧಿಸಿದ ಒಂದೆರಡು ಪತ್ರಿಕೆಗಳು ಬರುತ್ತವೆ. ಭಾಷಾವಿಜ್ಞಾನವು ಭಾಷೆಯನ್ನೇ ಅಧ್ಯಯನದ ವಸ್ತುವಾಗಿ ಇಟ್ಟುಕೊಳ್ಳುತ್ತದೆ. ಧ್ವನಿಗಳು ಹೇಗೆ ಹುಟ್ಟುತ್ತವೆ, ಪದಗಳು ಹೇಗೆ ಕಟ್ಟಿಕೊಳ್ಳುತ್ತವೆ, ವಾಕ್ಯ ಹೇಗೆ ನಿಲ್ಲುತ್ತದೆ ಎಂಬುದು ಅದರ ಕೆಲಸ. ಆ ತಿಳಿವಳಿಕೆಯನ್ನು ಜಗತ್ತಿನ ಒಂದು ತೊಡಕನ್ನು ಬಿಡಿಸಲು ಬಳಸಿದಾಗ ಅದು ಅನ್ವಯಿಕ ಭಾಷಾವಿಜ್ಞಾನವಾಗುತ್ತದೆ. ಎರಡನೇ ಭಾಷೆಯ ಕಲಿಕೆ, ಪರೀಕ್ಷೆಗಳ ರಚನೆ, ಪಠ್ಯಪುಸ್ತಕ, ನಿಘಂಟು, ಅನುವಾದ, ಭಾಷಾ ನೀತಿ, ಕಂಪ್ಯೂಟರಿಗೆ ಭಾಷೆ ಕಲಿಸುವುದು ಇವೆಲ್ಲ ಅದರ ಹೊಲಗಳು.

ಈ ಶಾಸ್ತ್ರಕ್ಕೆ ವಯಸ್ಸು ಹೆಚ್ಚಲ್ಲ. ತನ್ನನ್ನು ಅನ್ವಯಿಕ ಭಾಷಾವಿಜ್ಞಾನದ ಪತ್ರಿಕೆ ಎಂದು ಕರೆದುಕೊಂಡ ಮೊದಲ ನಿಯತಕಾಲಿಕ ಅಮೆರಿಕದ ಮಿಶಿಗನ್ನಿನಿಂದ 1948ರಲ್ಲಿ ಹೊರಟಿತು, ಎಡಿನ್‌ಬರೊ ವಿಶ್ವವಿದ್ಯಾಲಯದಲ್ಲಿ ಇದಕ್ಕಾಗಿಯೇ ಒಂದು ವಿಭಾಗ 1957ರಲ್ಲಿ ತೆರೆಯಿತು. ಮರುವರ್ಷವೇ, 1958ರಲ್ಲಿ, ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಆರಂಭವಾಯಿತು. ಇಂದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ, ಎಲ್ಲರೂ 'ಇಫ್ಲು' ಎಂದು ಕರೆಯುವುದು, ಅದೇ ಸಂಸ್ಥೆ. ಅದರ ಆರಂಭದ ದಿನಗಳ ನಿರ್ದೇಶಕರು ನಮ್ಮ ಸವಣೂರಿನ ವಿ.ಕೃ. ಗೋಕಾಕರು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ಹೇಳಿದರೆ ಅಚ್ಚರಿಪಡುತ್ತಾರೆ. ಅವರು ಗೋಕಾಕರನ್ನು ಜ್ಞಾನಪೀಠದ ಪಟ್ಟಿಯಲ್ಲಷ್ಟೇ ಕಂಡವರು.

ಒಂದು ವಾಕ್ಯ, ಎರಡು ಕಣ್ಣು

ವ್ಯಾಖ್ಯಾನಗಳಿಂದ ಆಯ್ಕೆ ಆಗುವುದಿಲ್ಲವಾದ್ದರಿಂದ ಒಂದು ಉದಾಹರಣೆ ಕೊಡುತ್ತೇನೆ. ಇಂಡಿ ತಾಲ್ಲೂಕಿನ ಒಂದು ಹಳ್ಳಿಯ ಎಂಟನೇ ತರಗತಿಯ ಹುಡುಗನ ಇಂಗ್ಲಿಷ್ ನೋಟ್‌ಬುಕ್ಕು ಒಮ್ಮೆ ನನ್ನ ಕೈಗೆ ಬಂದಿತ್ತು. ಊರ ಸಂತೆಯ ಮೇಲೆ ಬರೆದ ಪ್ರಬಂಧದಲ್ಲಿ ಅವನು ಹೀಗೆ ಬರೆದಿದ್ದ: "ಎಸ್ಟರ್‌ಡೇ ಐ ಮಾರ್ಕೆಟ್ ಗೋಯಿಂಗ್, ಚಿಲ್ಲಿ ಟೇಕಿಂಗ್, ಹೋಮ್ ಕೇಮ್." ಶಿಕ್ಷಕರು ಈ ವಾಕ್ಯದ ಮೇಲೆ ಕೆಂಪು ಪೆನ್ನಿನಿಂದ ಐದು ಕಡೆ ಗೆರೆ ಎಳೆದಿದ್ದರು. ಅದೇ ವಾಕ್ಯವನ್ನು ಆ ಹುಡುಗ ಮನೆಯಲ್ಲಿ ಹೇಳುವ ರೀತಿಯಲ್ಲಿ ಓದಿ ನೋಡಿ: "ನಿನ್ನಿ ನಾ ಸಂತಿಗಿ ಹೋಗಿ, ಮೆಣಸಿನಕಾಯಿ ತಗೊಂಡು, ಮನಿಗಿ ಬಂದೆ." ಕನ್ನಡದಲ್ಲಿ 'ಹೋಗಿ', 'ತಗೊಂಡು' ಎಂಬ ಕೃದಂತಾವ್ಯಯಗಳಿಗೆ ಕಾಲದ ಹೊರೆ ಇಲ್ಲ. ಕೊನೆಯ ಕ್ರಿಯಾಪದವೊಂದೇ ಎಲ್ಲದರ ಕಾಲವನ್ನೂ ಹೊತ್ತುಕೊಳ್ಳುತ್ತದೆ. ಹುಡುಗ ಆ ಎರಡು ಕೃದಂತಗಳಿಗೂ ಇಂಗ್ಲಿಷಿನ 'ಇಂಗ್' ರೂಪವನ್ನು ಕೊಟ್ಟು, ಕೊನೆಯ ಕ್ರಿಯಾಪದವನ್ನು ಮಾತ್ರ ಸರಿಯಾಗಿ ಭೂತಕಾಲಕ್ಕೆ ತಂದಿದ್ದಾನೆ. ಕರ್ಮವನ್ನು ಕ್ರಿಯಾಪದಕ್ಕಿಂತ ಮೊದಲು ಇಟ್ಟದ್ದೂ ಕನ್ನಡದ ಕ್ರಮವೇ. ಶಿಕ್ಷಕರಿಗೆ ಐದು ತಪ್ಪು ಕಂಡ ಕಡೆ ಒಂದೇ ಒಂದು ಅಚ್ಚುಕಟ್ಟಾದ ನಿಯಮ ಕೆಲಸ ಮಾಡುತ್ತಿದೆ, ಅದು ಕನ್ನಡದ ನಿಯಮ ಎಂಬುದಷ್ಟೇ ತೊಡಕು. ಕಲಿಯುವವನ ತಪ್ಪು ಅವನ ಅಜ್ಞಾನದ ಗುರುತಾಗಿರದೆ ಅವನೊಳಗೆ ಕಟ್ಟಿಕೊಳ್ಳುತ್ತಿರುವ ವ್ಯವಸ್ಥೆಯ ಸಾಕ್ಷಿ ಎಂದು ಎಡಿನ್‌ಬರೊದ ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲೇ ವಾದಿಸಿದ್ದರು.

ಇದೇ ವಾಕ್ಯರಚನೆಗೆ ನಮ್ಮ ಗಡಿಯಲ್ಲೇ ಒಂದು ಪ್ರಸಿದ್ಧ ಕಥೆ ಇದೆ. ಅಥಣಿಯಿಂದ ಮಿರಜಿನತ್ತ ಹೋಗುವವರಿಗೆ ಗೊತ್ತಿರುವ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು ಮಾತಾಡುವವರು ಶತಮಾನಗಳಿಂದ ಕೂಡಿ ಬಾಳಿದ್ದನ್ನು ಭಾಷಾ ಸಂಶೋಧಕರಾದ ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. 'ಸೊಪ್ಪು ಸ್ವಲ್ಪ ಕೊಯ್ದು ತಗೊಂಡು ಬಂದೆ' ಎಂಬ ಅರ್ಥದ ವಾಕ್ಯವನ್ನು ಆ ಊರಿನ ಮೂರೂ ಭಾಷೆಗಳಲ್ಲಿ ಒಂದರ ಕೆಳಗೊಂದು ಬರೆದರೆ ಪದಗಳು ಬೇರೆ ಬೇರೆಯಾಗಿದ್ದರೂ ಪದಗಳ ಸಾಲು, ಕೃದಂತಗಳ ಸರಪಳಿ ಎಲ್ಲವೂ ಒಂದೇ ಆಗಿರುತ್ತದೆ ಎಂದು ಅವರು ತೋರಿಸಿದರು. ಜಗತ್ತಿನಾದ್ಯಂತ ಸಾಮಾಜಿಕ ಭಾಷಾವಿಜ್ಞಾನ ಓದುವವರು ಈ ಊರಿನ ಹೆಸರನ್ನು ಓದುತ್ತಾರೆ. ಬೆಳಗಾವಿಯ ಪೇಟೆಯಲ್ಲಿ ದಿನಕ್ಕೆ ಹತ್ತು ಬಾರಿ ಕನ್ನಡದಿಂದ ಮರಾಠಿಗೂ ಮರಾಠಿಯಿಂದ ಕನ್ನಡಕ್ಕೂ ಹೊರಳುವ ನಮ್ಮ ಹುಡುಗರಿಗೆ ಮಾತ್ರ ಅದು ಗೊತ್ತಿರುವುದಿಲ್ಲ. ಭಾಷಾವಿಜ್ಞಾನಕ್ಕೆ ಬೇಕಾದ ಪ್ರಯೋಗಾಲಯ ನಮ್ಮ ಮನೆಯ ಕಟ್ಟೆಯ ಮೇಲೇ ಇದೆ ಎಂದು ನಾನು ಹೇಳುವುದು ಇದಕ್ಕೇ.

ಉಚ್ಚಾರಣೆಯದೂ ಹೀಗೆಯೇ. ನಮ್ಮ ವಿದ್ಯಾರ್ಥಿ 'ಎಗ್' ಎನ್ನಲು 'ಯೆಗ್' ಎಂದಾಗ, 'ಓನ್ಲಿ' ಎನ್ನಲು 'ವೋನ್ಲಿ' ಎಂದಾಗ ನಗುವವರುಂಟು. ಆದರೆ ಅವನು 'ಎಲೆ'ಯನ್ನು 'ಯೆಲೆ' ಎಂದೂ 'ಒಂದು' ಎಂಬುದನ್ನು 'ವೊಂದು' ಎಂದೂ ಹೇಳುವವನೇ ಆಗಿದ್ದಾನೆ. ಪದದ ಮೊದಲಿಗೆ ಬರುವ ಎ, ಒ ಸ್ವರಗಳ ಮುಂದೆ ಕನ್ನಡದ ನಾಲಿಗೆ ಯಕಾರ, ವಕಾರಗಳನ್ನು ತಾನಾಗಿ ಸೇರಿಸಿಕೊಳ್ಳುತ್ತದೆ. ಕಾರಣ ತಿಳಿದ ಶಿಕ್ಷಕ ಇದನ್ನು ಅರ್ಧ ತಾಸಿನಲ್ಲಿ ತಿದ್ದಬಲ್ಲ, ತಿಳಿಯದವನು ಮೂರು ವರ್ಷ ಗದರಿಸುತ್ತಾನೆ.

ಈಗ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಆ ಹುಡುಗನ ಪ್ರಬಂಧ ಓದಿದಾಗ ನಿಮ್ಮ ಮನಸ್ಸು 'ಈ ವಾಕ್ಯ ಯಾಕೆ ಹೀಗೆ ಬಂತು' ಎಂಬುದರ ಹಿಂದೆ ಹೋಯಿತೇ, ಅಥವಾ ಸಂತೆಗೆ ಒಬ್ಬನೇ ಹೋದ ಆ ಹುಡುಗ ಯಾರು, ಮೆಣಸಿನಕಾಯಿ ತರಲು ಅವನನ್ನೇ ಯಾಕೆ ಕಳಿಸಿದರು ಎಂಬುದರ ಹಿಂದೆ ಹೋಯಿತೇ? ಮೊದಲನೆಯದಾದರೆ ಭಾಷಾವಿಜ್ಞಾನ ನಿಮಗೆ ಒಗ್ಗುತ್ತದೆ, ಎರಡನೆಯದಾದರೆ ಸಾಹಿತ್ಯ. ಇದು ಒರಟು ಪರೀಕ್ಷೆ ಎಂಬುದು ನನಗೂ ಗೊತ್ತು, ಆದರೂ ಕೆಲಸ ಮಾಡುತ್ತದೆ. ಸಾಹಿತ್ಯ ಕಷ್ಟ ಎಂಬ ಕಾರಣಕ್ಕೆ ಭಾಷಾವಿಜ್ಞಾನಕ್ಕೆ ಹೋಗುವವರು ಮೊದಲ ಸೆಮಿಸ್ಟರಿನಲ್ಲೇ ವಾಕ್ಯರಚನೆಯ ಮರದಂಥ ಚಿತ್ರಗಳನ್ನು ಕಂಡು ಕಂಗಾಲಾಗುತ್ತಾರೆ. ಅದು ಗಣಿತದ ಸ್ವಭಾವದ ಶಾಸ್ತ್ರ, ಅಲ್ಲಿ ಉದ್ದುದ್ದ ಉತ್ತರ ಬರೆದು ಪಾರಾಗಲು ಬರುವುದಿಲ್ಲ.

ಅಂಕಪಟ್ಟಿಯ ಮೇಲಿನ ಹೆಸರು

ಆಸಕ್ತಿಯ ಮಾತು ಅಷ್ಟಾಯಿತು. ಉದ್ಯೋಗದ ದೃಷ್ಟಿಯಿಂದ ಈ ಎರಡರ ನಡುವಿನ ಅತಿ ದೊಡ್ಡ ವ್ಯತ್ಯಾಸ ಕಲಿಯುವ ವಿಷಯದಲ್ಲಿಲ್ಲ, ಪದವಿಯ ಹೆಸರಿನಲ್ಲಿದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲವಾದ್ದರಿಂದ ನಾನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ನನ್ನ ಬ್ಯಾಚಿನ ಗೆಳೆಯನೊಬ್ಬ ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದಿ, ಹೊರರಾಜ್ಯಕ್ಕೆ ಹೋಗಿ ಭಾಷಾವಿಜ್ಞಾನದಲ್ಲಿ ಎಂ.ಎ. ಮುಗಿಸಿ, ಒಳ್ಳೆಯ ಅಂಕಗಳೊಂದಿಗೆ ಊರಿಗೆ ಮರಳಿದ. ನಮ್ಮ ಭಾಗದ ಒಂದು ಕಾಲೇಜಿನ ಇಂಗ್ಲಿಷ್ ಉಪನ್ಯಾಸಕ ಹುದ್ದೆಗೆ ಅರ್ಜಿ ಹಾಕಿದ. ಪಾಠದ ಪ್ರಾತ್ಯಕ್ಷಿಕೆ ಎಲ್ಲರಿಗೂ ಮೆಚ್ಚುಗೆಯಾಯಿತು. ದಾಖಲೆ ಪರಿಶೀಲನೆಯ ಮೇಜಿನ ಮುಂದೆ ನಿಂತಾಗ ಗುಮಾಸ್ತರು ಅಂಕಪಟ್ಟಿಯನ್ನು ತಿರುವಿ ನೋಡಿ, "ಇದು ಇಂಗ್ಲಿಷ್ ಅಲ್ಲಲ್ರೀ, ಲಿಂಗ್ವಿಸ್ಟಿಕ್ಸ್ ಐತಿ" ಎಂದರು. ಮಾತು ಅಲ್ಲಿಗೇ ಮುಗಿಯಿತು. ಆ ಗುಮಾಸ್ತರ ತಪ್ಪೇನೂ ಇರಲಿಲ್ಲ. ಹುದ್ದೆಗಳು ವಿಷಯವಾರು ಮಂಜೂರಾಗುತ್ತವೆ, ಅಧಿಸೂಚನೆಯಲ್ಲಿ 'ಇಂಗ್ಲಿಷ್' ಎಂದಿದ್ದರೆ ಪರಿಶೀಲಿಸುವವರು ಅದೇ ಪದವನ್ನು ಹುಡುಕುತ್ತಾರೆ. ಒಳಗೆ ಓದಿದ ಪತ್ರಿಕೆಗಳು ಯಾವುವು ಎಂಬ ವಿವರಣೆ ಆ ಮೇಜಿನವರೆಗೆ ತಲುಪುವುದಿಲ್ಲ. (ಆ ಗೆಳೆಯ ಈಗ ಬೆಂಗಳೂರಿನಲ್ಲಿ ಭಾಷಾ ತಂತ್ರಜ್ಞಾನದ ಕೆಲಸದಲ್ಲಿದ್ದಾನೆ, ನನಗಿಂತ ಹೆಚ್ಚು ಸಂಪಾದಿಸುತ್ತಾನೆ ಎಂಬುದನ್ನೂ ಇಲ್ಲೇ ಹೇಳಿಬಿಡುವುದು ನ್ಯಾಯ.)

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಪದವಿ ಕಾಲೇಜುಗಳಲ್ಲಿ ಇಂಗ್ಲಿಷ್ ಇಲ್ಲದ ಕಾಲೇಜು ಸಿಗಲಾರದು, ಭಾಷಾವಿಜ್ಞಾನವನ್ನು ಪ್ರತ್ಯೇಕ ವಿಷಯವಾಗಿ ಕಲಿಸುವ ಕಾಲೇಜನ್ನು ನಾನು ಕಂಡಿಲ್ಲ. ಪದವಿಪೂರ್ವ ಕಾಲೇಜಿನ ಉಪನ್ಯಾಸಕರಾಗಲು ಆಯಾ ವಿಷಯದಲ್ಲೇ ಸ್ನಾತಕೋತ್ತರ ಪದವಿ ಹಾಗೂ ಬಿ.ಎಡ್. ಬೇಕು. ಪ್ರೌಢಶಾಲೆಯ ಮಟ್ಟದಲ್ಲಂತೂ ಎಂ.ಎ.ಗಿಂತ ಪದವಿಯ ಐಚ್ಛಿಕ ಇಂಗ್ಲಿಷ್ ಮತ್ತು ಎರಡು ವರ್ಷದ ಬಿ.ಎಡ್. ಮುಖ್ಯ. ಸರ್ಕಾರಿ ಅಥವಾ ಅನುದಾನಿತ ಸಂಸ್ಥೆಯಲ್ಲಿ, ಊರ ಹತ್ತಿರ, ಇಂಗ್ಲಿಷ್ ಕಲಿಸುವ ಕೆಲಸವೇ ನಿಮ್ಮ ಗುರಿಯಾಗಿದ್ದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಿ ಎಂ.ಎ. ಇಂಗ್ಲಿಷಿಗೆ ಅರ್ಜಿ ಹಾಕಿದರೂ ನಡೆದೀತು.

ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ (ಮೀಸಲಾತಿಯವರಿಗೆ ಸಡಿಲಿಕೆ ಇದೆ), ಅದರ ಮೇಲೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಾದ ಎನ್‌ಇಟಿ ಅಥವಾ ರಾಜ್ಯದ ಕೆ-ಸೆಟ್, ಇಲ್ಲವೇ ಪಿಎಚ್.ಡಿ. ಬೇಕಾಗುತ್ತದೆ. ಯುಜಿಸಿ ವೇತನಶ್ರೇಣಿಯಲ್ಲಿ ಆರಂಭದ ಮೂಲ ವೇತನ 57,700 ರೂಪಾಯಿ. ಎನ್‌ಇಟಿಯಲ್ಲಿ ಇಂಗ್ಲಿಷ್ ಮತ್ತು ಭಾಷಾವಿಜ್ಞಾನ ಎರಡು ಬೇರೆ ವಿಷಯಗಳು, ಸಂಕೇತ ಸಂಖ್ಯೆ ಕ್ರಮವಾಗಿ 30 ಮತ್ತು 31. ಭಾಷಾವಿಜ್ಞಾನಕ್ಕೆ ಕೂರುವವರು ಕಡಿಮೆ, ಆದ್ದರಿಂದ ಪಾಸಾಗುವುದು ಸುಲಭ ಎಂದು ಹಾಸ್ಟೆಲುಗಳಲ್ಲಿ ಹೇಳುವ ಮಾತು ಅರ್ಧ ಸತ್ಯ. ಅರ್ಹತೆ ಪಡೆಯುವವರ ಪ್ರಮಾಣ ಪರೀಕ್ಷೆ ಬರೆದವರ ಶೇ. 6ರಷ್ಟು ಎಂದು ನಿಗದಿಯಾಗಿದ್ದು, ಅದನ್ನು ವಿಷಯವಾರು ಹಂಚುತ್ತಾರೆ. ಕೂರುವವರು ಕಡಿಮೆಯಾದರೆ ಆಯ್ಕೆಯಾಗುವವರೂ ಕಡಿಮೆಯೇ. ಅದೇ ಪರೀಕ್ಷೆಯಲ್ಲಿ ಸಂಶೋಧನೆಗಾಗಿ ಕೊಡುವ ಜೆಆರ್‌ಎಫ್ ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಬರುತ್ತದೆ, ಅದು ಎರಡೂ ವಿಷಯಗಳಿಗೆ ಸಮಾನ.

ಇಂಗ್ಲಿಷಿನ ಎನ್‌ಇಟಿ ಪಠ್ಯಕ್ರಮದ ಹತ್ತು ಘಟಕಗಳಲ್ಲಿ ಒಂದು ಭಾಷೆಯ ಮೂಲ ಪರಿಕಲ್ಪನೆ ಮತ್ತು ಬೋಧನೆಗೆ, ಇನ್ನೊಂದು ಭಾರತದಲ್ಲಿ ಇಂಗ್ಲಿಷಿನ ಇತಿಹಾಸಕ್ಕೆ ಮೀಸಲಾಗಿದೆ. ನಮ್ಮ ಸಾಹಿತ್ಯದ ವಿದ್ಯಾರ್ಥಿಗಳು ನಾಟಕ, ಕಾವ್ಯ, ಸಿದ್ಧಾಂತಗಳನ್ನು ವರ್ಷಗಟ್ಟಲೆ ಓದಿ ಈ ಎರಡು ಘಟಕಗಳನ್ನು ಕೊನೆಯ ವಾರಕ್ಕೆ ಬಿಟ್ಟುಕೊಳ್ಳುತ್ತಾರೆ. ಅಂಕ ಜಾರುವುದು ಹೆಚ್ಚಾಗಿ ಇಲ್ಲೇ.

ಶಿಕ್ಷಕ ವೃತ್ತಿಯ ಆಚೆ

ಖಾಸಗಿ ವಲಯದಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿ ಪದವಿಯ ಹೆಸರಿಗಿಂತ ಏನು ಮಾಡಿ ತೋರಿಸುತ್ತೀರಿ ಎಂಬುದು ನಡೆಯುತ್ತದೆ.

ಭಾಷಾ ತಂತ್ರಜ್ಞಾನ ಕ್ಷೇತ್ರ ಈಗ ಬೆಳೆಯುತ್ತಿದೆ. ಕೇಂದ್ರ ಸರ್ಕಾರದ 'ಭಾಷಿಣಿ' ಯೋಜನೆ 2022ರಲ್ಲಿ ಆರಂಭವಾಗಿ ಭಾರತೀಯ ಭಾಷೆಗಳ ನಡುವೆ ಯಂತ್ರಾನುವಾದ, ಧ್ವನಿಯಿಂದ ಬರಹ ಮುಂತಾದ ಕೆಲಸಗಳನ್ನು ಕೈಗೆತ್ತಿಕೊಂಡಿದೆ. ಐಐಟಿ ಮದ್ರಾಸಿನ ಎಐ4ಭಾರತ್ ಇದೇ ದಿಕ್ಕಿನ ಸಂಶೋಧನೆಯಲ್ಲಿದೆ. 1969ರಲ್ಲಿ ಆರಂಭವಾದ ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥಾನದಲ್ಲಿ ಭಾಷಾ ದತ್ತಾಂಶ ಸಂಗ್ರಹ, ರಾಷ್ಟ್ರೀಯ ಅನುವಾದ ಮಿಷನ್, ಅಳಿವಿನಂಚಿನ ಭಾಷೆಗಳ ದಾಖಲೀಕರಣ ಇತ್ಯಾದಿ ಯೋಜನೆಗಳಿವೆ. ಕನ್ನಡದ ವಾಕ್ಯಗಳಿಗೆ ವ್ಯಾಕರಣದ ಗುರುತು ಹಾಕುವುದು, ಧ್ವನಿಮುದ್ರಿಕೆಗಳನ್ನು ಬರಹಕ್ಕೆ ಇಳಿಸುವುದು, ಯಂತ್ರ ಮಾಡಿದ ಅನುವಾದವನ್ನು ತೂಗಿ ನೋಡುವುದು ಇವು ಭಾಷಾವಿಜ್ಞಾನ ಓದಿದವರಿಗೆ ಸಹಜವಾಗಿ ಒಲಿಯುವ ಕೆಲಸಗಳು. ಬೆಳಗಾವಿ ಕನ್ನಡವನ್ನೂ ಮರಾಠಿಯನ್ನೂ ಬಲ್ಲ, ಉರ್ದುವನ್ನು ಕೇಳಿ ಅರಿಯಬಲ್ಲ ಅಭ್ಯರ್ಥಿಗೆ ಇಲ್ಲಿ ನಿಜವಾದ ಬೆಲೆ ಇದೆ. ಪುಸ್ತಕದ ಕನ್ನಡವೊಂದನ್ನೇ ಬಲ್ಲ ಯಂತ್ರಕ್ಕೆ "ಹೊಂಟೇನ್ರಿ" ಎಂದರೆ ಏನು ಎಂದು ಕಲಿಸಬೇಕಾದವರು ನಮ್ಮವರೇ ತಾನೆ.

ಎರಡು ಎಚ್ಚರಿಕೆಗಳನ್ನು ಮಾತ್ರ ಮರೆಯಬಾರದು. ಈ ಕೆಲಸಗಳಲ್ಲಿ ಹೆಚ್ಚಿನವು ಯೋಜನೆ ಆಧಾರಿತ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ, ಮನೆಯಲ್ಲಿ 'ಪರ್ಮನೆಂಟ್ ಏನು' ಎಂದು ಕೇಳುವ ಅಪ್ಪನಿಗೆ ಉತ್ತರಿಸುವುದು ಕಷ್ಟವಾಗುತ್ತದೆ. ಇನ್ನೊಂದು, ಗುರುತು ಹಾಕುವ ಕೆಲಸದಿಂದ ಮೇಲಕ್ಕೆ ಏರಬೇಕಾದರೆ ಪೈಥಾನ್‌ನಂಥ ಒಂದು ಕಂಪ್ಯೂಟರ್ ಭಾಷೆ ಕಲಿಯಲೇಬೇಕು. ಅದಕ್ಕೆ ಅಂಜುವವರು ಈ ಕ್ಷೇತ್ರದ ಕೆಳಮೆಟ್ಟಿಲಲ್ಲೇ ಉಳಿಯುತ್ತಾರೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಬೇಕು. ಮಾತಿನ ತೊಂದರೆ ಇರುವ ಮಕ್ಕಳಿಗೆ ಚಿಕಿತ್ಸೆ ನೀಡುವ ಸ್ಪೀಚ್ ಥೆರಪಿ ವೃತ್ತಿಗೆ ಭಾಷಾವಿಜ್ಞಾನದ ಎಂ.ಎ.ಯಿಂದ ಪ್ರವೇಶವಿಲ್ಲ. ಅದಕ್ಕೆ ಪಿಯುಸಿ ವಿಜ್ಞಾನದ ನಂತರ ಬಿಎಎಸ್‌ಎಲ್‌ಪಿ (ಶ್ರವಣ ಮತ್ತು ಮಾತಿನ ಚಿಕಿತ್ಸೆ) ಪದವಿ ಮಾಡಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕು. ಕಲಾ ವಿಭಾಗದಿಂದ ಬಂದವರು ಆ ಆಸೆ ಇಟ್ಟುಕೊಂಡು ಎರಡು ವರ್ಷ ಕಳೆಯಬಾರದು.

ಸಾಹಿತ್ಯ ಓದಿದವರಿಗೆ ಖಾಸಗಿಯಲ್ಲಿ ಏನಿದೆ ಎಂದರೆ ಪ್ರಕಾಶನ, ಪತ್ರಿಕೋದ್ಯಮ, ಕಂಟೆಂಟ್ ಬರವಣಿಗೆ, ಅನುವಾದ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ. ಇವುಗಳಲ್ಲಿ ಸಾಧಾರಣ ಕಂಟೆಂಟ್ ಬರವಣಿಗೆಯನ್ನು ಈಗ ಯಂತ್ರವೇ ಮಾಡುತ್ತಿರುವುದರಿಂದ ಅದನ್ನೇ ನಂಬಿಕೊಂಡು ಎಂ.ಎ. ಸೇರಬೇಡಿ ಎನ್ನುವುದು ನನ್ನ ಅಭಿಪ್ರಾಯ.

ಎರಡೂ ಕೂಡುವ ಒಂದು ಕ್ಷೇತ್ರವೂ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲೇ ಇದೆ. ಅದರ 2022ರ ಪಠ್ಯಕ್ರಮದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷಕ್ಕೆ ಸಂವಹನ ಇಂಗ್ಲಿಷ್ ಮತ್ತು ವೃತ್ತಿಪರ ಬರವಣಿಗೆಯ ವಿಷಯಗಳಿದ್ದವು. ಕಾರ್ಯಭಾರ ಕಡಿಮೆಯಾದ್ದರಿಂದ ಒಂದು ಕಾಲೇಜಿಗೆ ಒಬ್ಬಿಬ್ಬರೇ ಸಾಕಾಗುತ್ತಾರೆ ಎಂಬುದು ನಿಜ, ಆದರೆ ಅಲ್ಲಿ ಬೇಕಾಗಿರುವುದು ಕವಿತೆಯ ವ್ಯಾಖ್ಯಾನ ಮಾಡುವವರಲ್ಲ, ಮಾತು ಮತ್ತು ಬರಹವನ್ನು ಕೌಶಲವಾಗಿ ಕಲಿಸಬಲ್ಲವರು. ಹೊರದೇಶಕ್ಕೆ ಹೋಗುವ ನರ್ಸುಗಳಿಗೂ ಎಂಜಿನಿಯರುಗಳಿಗೂ ಐಇಎಲ್‌ಟಿಎಸ್, ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆಗಳ ತರಬೇತಿ ಕೊಡುವ ಕೇಂದ್ರಗಳದೂ ಇದೇ ಅಗತ್ಯ. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷ ಮಾತ್ರ. ಆ ನಿಮಿಷಗಳಲ್ಲಿ ಪರೀಕ್ಷಕರು ಏನನ್ನು ಅಳೆಯುತ್ತಾರೆ ಎಂದು ಬಲ್ಲವನಿಗೂ ಮಾದರಿ ಉತ್ತರ ಬಾಯಿಪಾಠ ಮಾಡಿಸುವವನಿಗೂ ಇರುವ ಅಂತರವೇ ಅನ್ವಯಿಕ ಭಾಷಾವಿಜ್ಞಾನ.

ಎಲ್ಲಿ ಓದುವುದು

ಮನೆಯ ಹತ್ತಿರ ಓದುವುದಾದರೆ ಆಯ್ಕೆ ತಾನಾಗಿಯೇ ಎಂ.ಎ. ಇಂಗ್ಲಿಷಿಗೆ ಬಂದು ನಿಲ್ಲುತ್ತದೆ. 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಮತ್ತು ನಮ್ಮ ಹಿಂದಿನ ತಲೆಮಾರೆಲ್ಲ ಓದಿದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಇವೆ. ಹೆಣ್ಣುಮಕ್ಕಳನ್ನು ದೂರ ಕಳಿಸಲು ಹಿಂಜರಿಯುವ ಮನೆಗಳಿಗೆ ತೊರವಿ ದೊಡ್ಡ ಅನುಕೂಲ ಮಾಡಿಕೊಟ್ಟಿದೆ. ಕೆಲಸದಲ್ಲಿರುವವರಿಗೆ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಅದರ ಎಂ.ಎ. ಇಂಗ್ಲಿಷಿನ ಮೊದಲ ವರ್ಷದಲ್ಲಿ ಭಾಷೆಯ ವಿವಿಧ ಮುಖಗಳ ಬಗ್ಗೆ ಇಡೀ ಒಂದು ಪತ್ರಿಕೆ ಇರುವುದು ನನಗೆ ಹಿಡಿಸಿದ ಸಂಗತಿ.

ಭಾಷಾವಿಜ್ಞಾನಕ್ಕಾದರೆ ಊರು ಬಿಡಬೇಕು. ಪುಣೆಯ ಡೆಕ್ಕನ್ ಕಾಲೇಜು, ಹೈದರಾಬಾದಿನ ಇಫ್ಲು, ಹೈದರಾಬಾದ್ ವಿಶ್ವವಿದ್ಯಾಲಯದ ಅನ್ವಯಿಕ ಭಾಷಾವಿಜ್ಞಾನ ಮತ್ತು ಅನುವಾದ ಅಧ್ಯಯನ ಕೇಂದ್ರ ನಮಗೆ ಹತ್ತಿರದವು. ಪುಣೆ ಬೆಳಗಾವಿಯವರಿಗೆ ರಾತ್ರಿ ಬಸ್ಸಿನ ದಾರಿ, ಹೈದರಾಬಾದು ವಿಜಯಪುರದವರಿಗೆ ಅಷ್ಟೇ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಭಾರವೇನಲ್ಲ, ಹಾಸ್ಟೆಲ್ ಸಿಕ್ಕಿದರೆ ಖರ್ಚು ಧಾರವಾಡದಲ್ಲಿ ಕೋಣೆ ಮಾಡಿಕೊಂಡು ಇರುವುದಕ್ಕಿಂತ ಬಹಳ ಹೆಚ್ಚಾಗದು. ಕಷ್ಟವಿರುವುದು ಪ್ರವೇಶ ಪರೀಕ್ಷೆಯಲ್ಲಿ ಮತ್ತು ಮೊದಲ ಆರು ತಿಂಗಳ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಹೋದ ಹುಡುಗರು ತರಗತಿಯಲ್ಲಿ ಬಾಯಿ ತೆರೆಯಲು ಒಂದು ಸೆಮಿಸ್ಟರ್ ಬೇಕಾಗುತ್ತದೆ. ಆದರೆ ಕ್ಷೇತ್ರಕಾರ್ಯದ ಹೊತ್ತಿಗೆ, 'ನಿನ್ನ ಭಾಷೆಯ ದತ್ತಾಂಶ ತಾ' ಎಂದಾಗ, ಇಂಗ್ಲಿಷ್ ಮಾಧ್ಯಮದವರು ಇವರ ಬೆನ್ನು ಹತ್ತುತ್ತಾರೆ.

ವಿದೇಶದ ಮಾತನ್ನು ಚುಟುಕಾಗಿ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ಅನ್ವಯಿಕ ಭಾಷಾವಿಜ್ಞಾನದ ಎಂ.ಎ. ಸಾಮಾನ್ಯವಾಗಿ ಒಂದೇ ವರ್ಷದ್ದು, 2022ರ ಜುಲೈಯಲ್ಲಿ ಎರಡೂ ದೇಶಗಳು ಪರಸ್ಪರರ ಪದವಿಗಳನ್ನು ಮಾನ್ಯ ಮಾಡುವ ಒಪ್ಪಂದಕ್ಕೆ ಸಹಿ ಹಾಕಿವೆ. ಆದರೆ ಊರಿಗೆ ಮರಳಿ ಇಂಗ್ಲಿಷ್ ಹುದ್ದೆ ಕೇಳಿದರೆ ನನ್ನ ಗೆಳೆಯನಿಗಾದದ್ದೇ ಆಗುವ ಸಂಭವವಿದೆ. ಹೊಲ ಮಾರಿ ಹೋಗುವಷ್ಟು ಇದರಲ್ಲಿ ಏನೂ ಇಲ್ಲ.

ನಾನು ಹೇಳುವ ದಾರಿ

ನನ್ನ ಬಳಿ ಬರುವ ಹತ್ತು ಮಂದಿಯಲ್ಲಿ ಎಂಟು ಮಂದಿಗೆ ನಾನು ಹೇಳುವುದು ಇದು: ಎಂ.ಎ. ಇಂಗ್ಲಿಷಿಗೆ ಸೇರಿ, ಅದರೊಳಗೆ ಅನ್ವಯಿಕ ಭಾಷಾವಿಜ್ಞಾನವನ್ನು ಹುದುಗಿಸಿಕೊಳ್ಳಿ. ಐಚ್ಛಿಕ ಪತ್ರಿಕೆ ಆರಿಸುವಾಗ ಭಾಷಾ ಬೋಧನೆ ಅಥವಾ ಅನುವಾದ ಸಿಕ್ಕರೆ ಅದನ್ನೇ ತೆಗೆದುಕೊಳ್ಳಿ. ಅಂತಿಮ ವರ್ಷದ ಕಿರುಪ್ರಬಂಧಕ್ಕೆ ನೂರು ಸಲ ಅರೆದ ಕಾದಂಬರಿಯ ಬದಲು ನಿಮ್ಮೂರ ಶಾಲೆಯ ಮಕ್ಕಳ ಇಂಗ್ಲಿಷನ್ನೋ ಬೆಳಗಾವಿಯ ಅಂಗಡಿ ಫಲಕಗಳ ಮೂರು ಲಿಪಿಗಳನ್ನೋ ವಸ್ತುವಾಗಿಸಿಕೊಳ್ಳಿ. ಕೆಲಸ ಸಿಕ್ಕ ಮೇಲೆ ಇಂಗ್ಲಿಷ್ ಬೋಧನೆಯ ಡಿಪ್ಲೊಮಾ ಒಂದನ್ನು ಮುಗಿಸಿ. 1963ರಿಂದ ನಡೆಯುತ್ತಿರುವ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರ ತರಬೇತಿಗೆ ಹೆಸರಾದದ್ದು. ಪ್ರಪಂಚದಾದ್ಯಂತ ಈಗ ಓದಿಸುವ, ಏನಾದರೊಂದು ಕೆಲಸ ಮಾಡಿಸುತ್ತಲೇ ಭಾಷೆ ಕಲಿಸುವ ಕಾರ್ಯಾಧಾರಿತ ಬೋಧನಾ ಪದ್ಧತಿಯ ಮೂಲದಲ್ಲಿ ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ 'ಬೆಂಗಳೂರು ಪ್ರಾಜೆಕ್ಟ್' ಇದೆ, ಅದರಲ್ಲಿ ಈ ಸಂಸ್ಥೆಯ ಪಾತ್ರವೂ ಇತ್ತು. ಹೀಗೆ ಮಾಡಿದವರ ಅಂಕಪಟ್ಟಿಯಲ್ಲಿ 'ಇಂಗ್ಲಿಷ್' ಎಂದಿರುತ್ತದೆ, ಕೈಯಲ್ಲಿ ಕಸುಬೂ ಇರುತ್ತದೆ.

ಉಳಿದ ಇಬ್ಬರನ್ನು ನಾನು ಹೈದರಾಬಾದಿಗೋ ಪುಣೆಗೋ ಹೋಗಲು ಒತ್ತಾಯಿಸುತ್ತೇನೆ. ಅವರು ಯಾರೆಂದು ಗುರುತಿಸುವುದು ಕಷ್ಟವಲ್ಲ. ತರಗತಿಯಲ್ಲಿ ಕವಿತೆಯ ನಡುವೆ ಕೈ ಎತ್ತಿ, "ಸರ್, ಜಮಖಂಡಿ ಕಡೆ 'ಬರತೈತಿ' ಅಂತಾರ, ಮೈಸೂರಿನವರು 'ಬರತ್ತೆ' ಅಂತಾರ, ಈ 'ಐತಿ' ಎಲ್ಲಿಂದ ಬಂತು?" ಎಂದು ಕೇಳುವವರು ಅವರು. ಮನೆಯ ಪರಿಸ್ಥಿತಿ ತಕ್ಷಣದ ಸಂಬಳವನ್ನು ಬೇಡದಿದ್ದರೆ, ಊರಿಗೆ ಮರಳುವ ಹಟ ಇಲ್ಲದಿದ್ದರೆ, ಅಂಥವರನ್ನು ಸಾಹಿತ್ಯದ ಕೋಣೆಯಲ್ಲಿ ಕೂಡಿಹಾಕುವುದು ತಪ್ಪು.

ನಿರ್ಧಾರ ಇನ್ನೂ ಆಗದವರಿಗೆ ಕಾಲದ ಲೆಕ್ಕ ಅನುಕೂಲಕರವಾಗಿದೆ. ಕೇಂದ್ರೀಯ ವಿಶ್ವವಿದ್ಯಾಲಯಗಳ ಬಹುಪಾಲು ಪ್ರವೇಶಗಳು ನಡೆಯುವ ಸಿಯುಇಟಿ-ಪಿಜಿ ಪರೀಕ್ಷೆ ಈಚಿನ ವರ್ಷಗಳಲ್ಲಿ ಮಾರ್ಚಿನಲ್ಲಿ ನಡೆಯುತ್ತಿದೆ, ಅರ್ಜಿಯ ಗಡುವು ಅದಕ್ಕೂ ಒಂದೆರಡು ತಿಂಗಳು ಮೊದಲೇ ಮುಗಿದುಹೋಗುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು ಪದವಿಯ ಫಲಿತಾಂಶದ ನಂತರ ಅರ್ಜಿ ಕರೆಯುತ್ತವೆ. ಆದ್ದರಿಂದ ಐದನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೇ ಸಿಯುಇಟಿ ಅರ್ಜಿ ತುಂಬಿಟ್ಟರೆ ಎರಡೂ ಬಾಗಿಲು ತೆರೆದಿರುತ್ತವೆ. ಫಲಿತಾಂಶ ಕೈಗೆ ಬಂದ ಮೇಲೆ ಸ್ಟಾಫ್ ರೂಮಿಗೆ ಬಂದು ಕೇಳಿದರೆ ಒಂದು ಬಾಗಿಲು ಆಗಲೇ ಮುಚ್ಚಿರುತ್ತದೆ.